ಫೈಲ್ ಕುಗ್ಗಿಸುವ ಮೊದಲು ಅದರ ಭಾರ ಎಲ್ಲಿದೆ ನೋಡಿ

ಕೊನೇ ದಿನ, ರಾತ್ರಿ ಹತ್ತೂವರೆ. ಒಂದು ಅರ್ಜಿಗೆ 18 ಪುಟದ ದಾಖಲೆ ಅಪ್‌ಲೋಡ್ ಮಾಡಬೇಕಿತ್ತು. ನನ್ನ ಪಿಡಿಎಫ್ 61 ಎಂಬಿ ಇತ್ತು, ಅವರು ಇಟ್ಟಿದ್ದ ಮಿತಿ 5 ಎಂಬಿ. ಗಾಬರಿಯಲ್ಲಿ ಕಣ್ಣಿಗೆ ಬಿದ್ದ ಮೊದಲ ಕಂಪ್ರೆಸ್ ಸೈಟ್ ತೆರೆದು, ಅಲ್ಲಿದ್ದ ಮೂರು ಆಯ್ಕೆಗಳಲ್ಲಿ ಅತಿ ಜೋರಿನದ್ದನ್ನೇ ಒತ್ತಿದೆ. 700 ಕೆಬಿ ಆಯಿತು. ಖುಷಿಯಿಂದ ಕಳಿಸಿ ಮಲಗಿದೆ. ನಾಲ್ಕು ದಿನ ಬಿಟ್ಟು ಉತ್ತರ ಬಂತು: ದಾಖಲೆ ಓದಲು ಆಗುತ್ತಿಲ್ಲ, ಮತ್ತೆ ಕಳಿಸಿ. ತೆರೆದು ನೋಡಿದರೆ ಸೀಲಿನ ಅಕ್ಷರವೆಲ್ಲ ಮಸಿಯ ಮುದ್ದೆ, ನೋಂದಣಿ ಸಂಖ್ಯೆಯಲ್ಲಿ 3 ಯಾವುದು 8 ಯಾವುದು ಅಂತ ನನಗೇ ಗೊತ್ತಾಗಲಿಲ್ಲ.

ಸೈಟಿನ ತಪ್ಪೇನಿಲ್ಲ. ನಾನು ಹೇಳಿದ್ದನ್ನೇ ಅದು ಮಾಡಿತ್ತು. 5 ಎಂಬಿ ತನಕ ಜಾಗ ಇದ್ದಾಗ 700 ಕೆಬಿಗೆ ಹಿಂಡಿದ್ದು ನಾನು. ಜೊತೆಗೆ 18 ಪುಟಕ್ಕೆ 61 ಎಂಬಿ ಯಾಕಾಯಿತು ಅಂತ ಒಂದು ನಿಮಿಷವೂ ಯೋಚಿಸಿರಲಿಲ್ಲ. ಆಮೇಲೆ ಲೆಕ್ಕ ಹಾಕಿದೆ. ಪುಟಕ್ಕೆ ಸುಮಾರು 3.4 ಎಂಬಿ, ಅಂದರೆ ಫೋನಿನಲ್ಲಿ ತೆಗೆದ ಒಂದು ಫೋಟೋದಷ್ಟು. ಬಿಳಿ ಹಾಳೆ ಮೇಲೆ ಕಪ್ಪು ಅಕ್ಷರ ಇರುವ ಪುಟಗಳನ್ನು ಹೂವಿನ ಫೋಟೋ ತೆಗೆದ ಹಾಗೆ ಪೂರ್ತಿ ಬಣ್ಣದಲ್ಲಿ, ಪೂರ್ತಿ ಅಳತೆಯಲ್ಲಿ ತೆಗೆದು ಪಿಡಿಎಫ್ ಮಾಡಿದ್ದೆ.

ಅವತ್ತಿನಿಂದ ನಾನು ಹಿಡಿದಿರುವ ಕ್ರಮ ಇದು.

ಮೊದಲು ಪುಟದ ಲೆಕ್ಕ

ಮಿತಿ ಎಷ್ಟು, ಪುಟ ಎಷ್ಟು? ಭಾಗಿಸಿ. 5 ಎಂಬಿ ಅಂದರೆ ಸುಮಾರು 5,000 ಕೆಬಿ, 18 ಪುಟಕ್ಕೆ ಹಂಚಿದರೆ ಒಂದಕ್ಕೆ 275 ಕೆಬಿ ಹತ್ತಿರ ಬರುತ್ತದೆ. ಸ್ವಲ್ಪ ಕೈ ಬಿಗಿ ಹಿಡಿದು 250 ಅಂದುಕೊಳ್ಳಿ. ಈ ಒಂದು ಸಂಖ್ಯೆ ಕೈಯಲ್ಲಿದ್ದರೆ ಮುಂದಿನ ತೀರ್ಮಾನವೆಲ್ಲ ಸುಲಭ. ಅಕ್ಷರದ ಪುಟಕ್ಕೆ 250 ಕೆಬಿ ಧಾರಾಳ. ಅದೇ 18 ಪುಟಕ್ಕೆ 1 ಎಂಬಿ ಮಾತ್ರ ಅಂದರೆ ಪುಟಕ್ಕೆ 55 ಕೆಬಿ, ಆಗ ಬಣ್ಣದ ಆಸೆ ಬಿಡಬೇಕಾಗುತ್ತದೆ.

ಇಮೇಲ್ ಆದರೆ ಇನ್ನೊಂದು ಗುಟ್ಟಿದೆ. ಜಿಮೇಲ್ ಮಿತಿ 25 ಎಂಬಿ. ಆದರೆ 24 ಎಂಬಿ ಫೈಲ್ ಹಾಕಿದರೂ ತಕರಾರು ಬರಬಹುದು. ಮೇಲ್ ವ್ಯವಸ್ಥೆ ಹುಟ್ಟಿದ್ದು ಬರೀ ಅಕ್ಷರ ಕಳಿಸಲು, ಹಾಗಾಗಿ ಲಗತ್ತಿಸಿದ ಫೈಲನ್ನು ಅದು ಅಕ್ಷರಗಳಾಗಿ ಮಾರ್ಪಡಿಸಿ ಸಾಗಿಸುತ್ತದೆ. ಈ ಮಾರ್ಪಾಡಿನಲ್ಲಿ ಪ್ರತಿ 3 ಬೈಟ್‌ಗೆ 4 ಅಕ್ಷರ ಬೇಕು. ಅಂದರೆ ಫೈಲ್ ದಾರಿಯಲ್ಲಿ ಮೂರರಲ್ಲೊಂದು ಪಾಲು ಊದಿಕೊಳ್ಳುತ್ತದೆ. 18 ಎಂಬಿ ಕಳಿಸಿದರೆ 24 ಆಗುತ್ತದೆ. ನೀವು ಕಳಿಸುವ ಕಡೆ ಬಿಟ್ಟರೂ ಪಡೆಯುವ ಕಡೆಯ ಮಿತಿ ಇನ್ನೂ ಕಡಿಮೆ ಇರಬಹುದು. ಗೊತ್ತಿಲ್ಲದವರಿಗೆ ಕಳಿಸುವಾಗ ನಾನು 7–8 ಎಂಬಿ ದಾಟುವುದಿಲ್ಲ.

ಭಾರ ಎಲ್ಲಿದೆ?

ಪಿಡಿಎಫ್ ತೆರೆದು ಒಂದು ಸಾಲಿನ ಮೇಲೆ ಮೌಸ್ ಎಳೆಯಿರಿ. ಅಕ್ಷರಗಳು ಸೆಲೆಕ್ಟ್ ಆದವಾ? ಈಗ 400 ಪರ್ಸೆಂಟ್ ಜೂಮ್ ಮಾಡಿ. ಅಕ್ಷರದ ಅಂಚು ಚೂಪಾಗಿಯೇ ಇದ್ದರೆ ಅದು ನಿಜವಾದ ಅಕ್ಷರ. ಚುಕ್ಕಿ ಚುಕ್ಕಿಯಾಗಿ ಒಡೆದರೆ ಅದು ಅಕ್ಷರದ ಚಿತ್ರ, ಅಂದರೆ ಸ್ಕ್ಯಾನ್. ಎರಡೂ ನೋಡಲೇಬೇಕು. ಯಾಕಂದರೆ ಕೆಲವು ಆ್ಯಪ್‌ಗಳು ಚಿತ್ರದ ಹಿಂದೆ ಕಾಣದ ಹಾಗೆ ಅಕ್ಷರ ಕೂರಿಸಿರುತ್ತವೆ. ಆಗ ಸೆಲೆಕ್ಟ್ ಆಗುತ್ತದೆ, ಜೂಮ್ ಮಾಡಿದರೆ ಒಡೆಯುತ್ತದೆ. ಅದೂ ಸ್ಕ್ಯಾನೇ.

ಬರೀ ಅಕ್ಷರ ಇರುವ ಪಿಡಿಎಫ್ ನೂರು ಪುಟ ಇದ್ದರೂ ಸಾಮಾನ್ಯವಾಗಿ ಒಂದೆರಡು ಎಂಬಿ ದಾಟುವುದಿಲ್ಲ. ದಾಟಿದ್ದರೆ ಒಳಗೆ ದೊಡ್ಡ ಚಿತ್ರ ಇದೆ, ಇಲ್ಲವೇ ಫಾಂಟ್‌ಗಳನ್ನು ಇಡಿಯಾಗಿ ಸೇರಿಸಿದ್ದಾರೆ, ಇಲ್ಲವೇ ಹಳೆಯ ಕಸ ಉಳಿದಿದೆ. ಆಕ್ರೊಬ್ಯಾಟ್ ಪ್ರೊ (ಅಡೋಬಿಯವರ ಪಿಡಿಎಫ್ ಸಾಫ್ಟ್‌ವೇರ್) ಇರುವವರಿಗೆ ಇದು ಇನ್ನೂ ಸುಲಭ. ಅದರ ಪಿಡಿಎಫ್ ಆಪ್ಟಿಮೈಜರ್‌ನಲ್ಲಿ ಆಡಿಟ್ ಸ್ಪೇಸ್ ಯೂಸೇಜ್ ಅನ್ನುವ ಬಟನ್ ಇದೆ. ಒತ್ತಿದರೆ ಚಿತ್ರಕ್ಕೆ ಇಷ್ಟು, ಫಾಂಟಿಗೆ ಇಷ್ಟು ಅಂತ ಪಟ್ಟಿ ಕೊಡುತ್ತದೆ.

ಹಳೆಯ ಕಸ ಅಂದೆನಲ್ಲ, ಅದರ ಬಗ್ಗೆ ಒಂದು ಮಾತು. ಪಿಡಿಎಫ್‌ನಿಂದ ಹತ್ತು ಪುಟ ತೆಗೆದು ಸೇವ್ ಮಾಡಿದರೂ ಎಷ್ಟೋ ಸಲ ಅಳತೆ ಇಳಿಯುವುದೇ ಇಲ್ಲ. ಪಿಡಿಎಫ್ ಹಳೆಯದನ್ನು ಅಳಿಸದೆ, ಬದಲಾವಣೆಗಳನ್ನು ಮಾತ್ರ ಕೊನೆಗೆ ಅಂಟಿಸಿ ಉಳಿಸಬಲ್ಲದು. ತೆಗೆದ ಪುಟಗಳು ಕಾಣುವುದಿಲ್ಲ ಅಷ್ಟೇ, ಹೊಟ್ಟೆಯಲ್ಲಿ ಹಾಗೇ ಇರುತ್ತವೆ. ಸೇವ್ ಬದಲು ಸೇವ್ ಆ್ಯಸ್ ಕೊಟ್ಟು ಬೇರೆ ಹೆಸರಲ್ಲಿ ಉಳಿಸಿ ನೋಡಿ. ಬೇರೇನೂ ಮಾಡದೆ ಫೈಲ್ ಅರ್ಧಕ್ಕೆ ಇಳಿದದ್ದನ್ನು ನಾನು ನೋಡಿದ್ದೇನೆ.

ಸ್ಕ್ಯಾನ್ ಆದರೆ, ಆಗುವುದಾದರೆ ಮತ್ತೆ ಸ್ಕ್ಯಾನ್ ಮಾಡಿ

ಸೋಮಾರಿತನ ಬರುತ್ತದೆ, ಗೊತ್ತು. ಆದರೆ ಕಾಗದ ಕೈಯಲ್ಲೇ ಇದ್ದರೆ ಮತ್ತೆ ಸ್ಕ್ಯಾನ್ ಮಾಡುವುದೇ ಒಳ್ಳೆಯದು. ಒಮ್ಮೆ ಹಿಂಡಿದ ಚಿತ್ರವನ್ನು ಮತ್ತೆ ಹಿಂಡಿದರೆ ಮೊದಲ ಸಲದ ಕಲೆಗಳ ಮೇಲೆ ಎರಡನೇ ಸಲದ ಕಲೆಗಳು ಕೂರುತ್ತವೆ.

ಡಿಪಿಐ ಅಂದರೆ ಒಂದು ಇಂಚಿಗೆ ಎಷ್ಟು ಚುಕ್ಕಿ ಅನ್ನುವ ಲೆಕ್ಕ. ಎ4 ಹಾಳೆಯನ್ನು 300 ಡಿಪಿಐಗೆ ಸ್ಕ್ಯಾನ್ ಮಾಡಿದರೆ ಅಗಲಕ್ಕೆ 2,480, ಎತ್ತರಕ್ಕೆ 3,508 ಚುಕ್ಕಿ ಬರುತ್ತವೆ. ಒಟ್ಟು ಸುಮಾರು 87 ಲಕ್ಷ. ಬಣ್ಣದಲ್ಲಿ ಪ್ರತಿ ಚುಕ್ಕಿಗೆ 3 ಬೈಟ್, ಅಂದರೆ ಹಿಂಡುವ ಮೊದಲು ಒಂದು ಪುಟ 26 ಎಂಬಿ. ಗ್ರೇಸ್ಕೇಲ್, ಅಂದರೆ ಬರೀ ಬೂದು ಛಾಯೆಗಳು, ಇಟ್ಟರೆ ಚುಕ್ಕಿಗೆ ಒಂದೇ ಬೈಟ್, 8.7 ಎಂಬಿ. ಬರೀ ಕಪ್ಪು-ಬಿಳುಪು ಇಟ್ಟರೆ ಚುಕ್ಕಿಗೆ ಒಂದೇ ಬಿಟ್ (ಬೈಟಿನ ಎಂಟನೇ ಒಂದು ಪಾಲು), ಪುಟ 1.1 ಎಂಬಿಗೆ ಬಂತು. ಹಿಂಡಿದ ಮೇಲೆ ಅದು ಕೆಲವು ಹತ್ತು ಕೆಬಿಗಳಿಗೆ ಇಳಿಯುತ್ತದೆ. ಇನ್ನೊಂದು ಕಡೆಯಿಂದ ನೋಡಿ. 300 ಬದಲು 150 ಡಿಪಿಐ ಇಟ್ಟರೆ ಅಗಲವೂ ಅರ್ಧ, ಎತ್ತರವೂ ಅರ್ಧ, ಚುಕ್ಕಿಗಳು ಕಾಲು ಭಾಗ. ಅರ್ಧ ಅಲ್ಲ, ಕಾಲು. ಇದು ಬಹಳ ಜನಕ್ಕೆ ಹೊಳೆಯುವುದಿಲ್ಲ.

ನಾನು ಮಾಡುವುದು ಹೀಗೆ. ಸಾಮಾನ್ಯ ಟೈಪ್ ಮಾಡಿದ ಪುಟಕ್ಕೆ 200 ಡಿಪಿಐ, ಗ್ರೇಸ್ಕೇಲ್. ಅಕ್ಷರ ತುಂಬ ಸಣ್ಣದಿದ್ದು ಹಾಳೆ ಚೆನ್ನಾಗಿ ಬೆಳ್ಳಗಿದ್ದರೆ 300 ಡಿಪಿಐ, ಕಪ್ಪು-ಬಿಳುಪು. ಫೋಟೋ ಅಥವಾ ಬಣ್ಣದ ಸೀಲ್ ಇರುವ ಪುಟ ಮಾತ್ರ ಬಣ್ಣದಲ್ಲಿ, 150ರಿಂದ 200ರೊಳಗೆ. ಒಂದೇ ಪಿಡಿಎಫ್‌ನಲ್ಲಿ ಎಲ್ಲ ಪುಟವೂ ಒಂದೇ ಥರ ಇರಬೇಕು ಅಂತ ಯಾವ ನಿಯಮವೂ ಇಲ್ಲ. ಮೂರು ಪುಟದ ಸೀಲಿಗಾಗಿ ಹದಿನೆಂಟು ಪುಟಕ್ಕೂ ಬಣ್ಣ ಬಳಿಯುವುದು ಯಾಕೆ, ಅಲ್ವಾ?

ಕಪ್ಪು-ಬಿಳುಪಿನಲ್ಲಿ ಒಂದು ಅಪಾಯ ಇದೆ. ಅದಕ್ಕೆ ನಡುವಿನ ಬಣ್ಣ ಗೊತ್ತಿಲ್ಲ. ತೆಳು ನೀಲಿ ಸಹಿ ಪೂರ್ತಿ ಮಾಯವಾಗಬಹುದು, ಪೆನ್ಸಿಲ್ ಗುರುತು ಹೋಗಬಹುದು, ಹಾಳೆ ಮೇಲೆ ಬಿದ್ದ ನಿಮ್ಮ ಕೈಯ ನೆರಳು ಕರಿ ಮಸಿಯಾಗಿ ಕೂರಬಹುದು. ಸಹಿ ಇರುವ ಪುಟವನ್ನು ಗ್ರೇಸ್ಕೇಲ್‌ನಲ್ಲೇ ಇಡಿ.

ಕನ್ನಡ ದಾಖಲೆಗೆ ಇನ್ನೊಂದು ಎಚ್ಚರಿಕೆ. ನಮ್ಮ ಲಿಪಿಯಲ್ಲಿ ಒತ್ತಕ್ಷರ ಸಾಲಿನ ಕೆಳಗೆ ಪುಟ್ಟದಾಗಿ ಕೂತಿರುತ್ತದೆ. ಗುಣಮಟ್ಟ ಇಳಿಸಿದಾಗ ಮೊದಲು ಕಲಸಿಹೋಗುವುದು ಅದೇ. ಆಮೇಲೆ ಮಹಾಪ್ರಾಣದ ಸೀಳು. ದ ಮತ್ತು ಧ, ಪ ಮತ್ತು ಫ, ಬ ಮತ್ತು ಭ ಇವುಗಳ ನಡುವೆ ಇರುವುದು ಹೊಟ್ಟೆ ಕೆಳಗಿನ ಒಂದು ಸಣ್ಣ ಗೀಟು ಮಾತ್ರ. 100 ಡಿಪಿಐಗೆ ಇಳಿಸಿ ಜೋರಾಗಿ ಹಿಂಡಿದರೆ ಆ ಗೀಟು ಅಳಿದು ಧನ ಇದ್ದದ್ದು ದನ ಆಗುತ್ತದೆ. ಹಾಗಾಗಿ ಕುಗ್ಗಿಸಿದ ಮೇಲೆ ನಾನು ತಲೆಬರಹ ನೋಡುವುದಿಲ್ಲ. ಅದು ದೊಡ್ಡ ಅಕ್ಷರ, ಹೇಗಿದ್ದರೂ ಚೆನ್ನಾಗೇ ಕಾಣುತ್ತದೆ. ಅತಿ ಸಣ್ಣ ಅಕ್ಷರದ ಸಾಲಿನಲ್ಲಿ ಒಂದು ಒತ್ತಕ್ಷರ, ಒಂದು ಧ ಹುಡುಕುತ್ತೇನೆ. ಎರಡೂ ಸರಿಯಾಗಿ ಕಂಡರೆ ಉಳಿದ ಅಕ್ಷರಗಳೂ ಸಾಮಾನ್ಯವಾಗಿ ಸರಿ ಇರುತ್ತವೆ.

ಅಂಕಿಗಳ ವಿಷಯದಲ್ಲಂತೂ ಯಾರನ್ನೂ ನಂಬಬೇಡಿ. 2013ರಲ್ಲಿ ಜರ್ಮನಿಯ ಡೇವಿಡ್ ಕ್ರೀಸೆಲ್ ಅನ್ನುವ ಕಂಪ್ಯೂಟರ್ ತಜ್ಞರು ಒಂದು ಕಟ್ಟಡದ ನಕ್ಷೆ ಸ್ಕ್ಯಾನ್ ಮಾಡಿದಾಗ ಕೋಣೆಗಳ ಅಳತೆಯೇ ಬದಲಾಗಿದ್ದನ್ನು ಕಂಡುಹಿಡಿದರು. ಜೆರಾಕ್ಸ್ ಕಂಪನಿಯ ಕೆಲವು ಯಂತ್ರಗಳು ಫೈಲ್ ಸಣ್ಣದು ಮಾಡಲು ಜೆಬಿಗ್2 ಅನ್ನುವ ವಿಧಾನ ಬಳಸುತ್ತಿದ್ದವು. ಒಂದೇ ಥರ ಕಾಣುವ ಅಕ್ಷರಗಳನ್ನು ಹುಡುಕಿ, ಒಂದರ ಚಿತ್ರ ಇಟ್ಟುಕೊಂಡು ಉಳಿದ ಕಡೆ ಅದನ್ನೇ ಅಂಟಿಸುವುದು ಅದರ ಉಪಾಯ. 6 ಮತ್ತು 8 ಅದಕ್ಕೆ ಒಂದೇ ಥರ ಕಂಡವು. ಮಸುಕಾಗಿದ್ದರೆ ಕಣ್ಣಿಗಾದರೂ ಗೊತ್ತಾಗುತ್ತಿತ್ತು. ಇಲ್ಲಿ ಅಂಕಿ ಚೂಪಾಗಿ, ಸ್ಪಷ್ಟವಾಗಿ, ತಪ್ಪಾಗಿ ಬಂದಿತ್ತು. ಕಂಪನಿ ಆಮೇಲೆ ಸಾಫ್ಟ್‌ವೇರ್ ಸರಿಪಡಿಸಿತು. ಹಣದ ಮೊತ್ತ, ದಿನಾಂಕ, ನೋಂದಣಿ ಸಂಖ್ಯೆ ಇರುವ ಪುಟವನ್ನು ಕುಗ್ಗಿಸಿದ ಮೇಲೆ ಕಾಗದ ಪಕ್ಕದಲ್ಲಿಟ್ಟುಕೊಂಡು ಒಂದು ಸಲ ತಾಳೆ ನೋಡುವುದು ನನಗೆ ಆಗಿನಿಂದ ರೂಢಿ.

ಫೋನಿನಲ್ಲಿ ಸ್ಕ್ಯಾನ್ ಮಾಡುವವರು ಕ್ಯಾಮೆರಾ ತೆರೆಯಬೇಡಿ, ಸ್ಕ್ಯಾನ್ ಅನ್ನುವ ಆಯ್ಕೆ ತೆರೆಯಿರಿ. ಐಫೋನ್‌ನಲ್ಲಿ ನೋಟ್ಸ್ ಆ್ಯಪ್‌ನೊಳಗೆ ಇದೆ, ಆಂಡ್ರಾಯ್ಡ್‌ನಲ್ಲಿ ಗೂಗಲ್ ಡ್ರೈವ್ ಆ್ಯಪ್‌ನಲ್ಲೇ ಸಿಗುತ್ತದೆ. ಇವು ಹಾಳೆಯ ಅಂಚು ಗುರುತಿಸಿ ಮೇಜನ್ನು ಕತ್ತರಿಸಿ ಹಾಕುತ್ತವೆ, ಹಿನ್ನೆಲೆಯನ್ನು ಬೆಳ್ಳಗೆ ಮಾಡುತ್ತವೆ. ಮೇಜಿನ ಮರದ ಗೆರೆ, ಹಾಳೆಯ ಸುಕ್ಕು, ನೆರಳಿನ ಇಳಿಜಾರು ಇವೆಲ್ಲ ಜೆಪೆಗ್‌ಗೆ (ಫೋಟೋಗಳನ್ನು ಹಿಂಡಿ ಉಳಿಸುವ ವಿಧಾನಕ್ಕೆ) ವಿವರಗಳೇ, ಅಕ್ಷರಕ್ಕೆ ಹೋಗಬೇಕಾದ ಕೆಬಿಗಳನ್ನು ಸುಮ್ನೆ ತಿನ್ನುತ್ತವೆ. ಹಗಲಲ್ಲಿ ಕಿಟಕಿ ಪಕ್ಕ ಇಟ್ಟು ತೆಗೆದರೆ ಅದರಿಂದಲೇ ಫೈಲ್ ಇಳಿಯುತ್ತದೆ.

ಕಾಗದ ಕೈಯಲ್ಲಿಲ್ಲ, ಪಿಡಿಎಫ್ ಮಾತ್ರ ಇದೆ ಅಂದಾಗ

ಮೊದಲ ಕೆಲಸ: ಬೇಡದ ಪುಟ ತೆಗೆಯಿರಿ. 40 ಪುಟದಲ್ಲಿ ಅವರು ಕೇಳಿದ್ದು ಆರು ಪುಟ ಆದರೆ ಆರೇ ಕಳಿಸಿ. ಯಾವ ಸಾಫ್ಟ್‌ವೇರೂ ಬೇಡ, ಕ್ರೋಮ್ ಬ್ರೌಸರಿನಲ್ಲಿ ಪಿಡಿಎಫ್ ತೆರೆದು ಪ್ರಿಂಟ್ ಕೊಟ್ಟು, ಪ್ರಿಂಟರ್ ಬದಲು ಸೇವ್ ಆ್ಯಸ್ ಪಿಡಿಎಫ್ ಆರಿಸಿ, ಪುಟ ಸಂಖ್ಯೆ ಬರೆದರೆ ಆಯಿತು. ಹೀಗೆ ಮಾಡಿದಾಗ ಲಿಂಕು, ಬುಕ್‌ಮಾರ್ಕು ಹೋಗಬಹುದು. ಅರ್ಜಿಗೆ ಅವು ಹೇಗೂ ಬೇಡ.

ಆಮೇಲೆ ಹಿಂಡುವುದು. ಅಡೋಬಿಯ ಆನ್‌ಲೈನ್ ಪುಟದಲ್ಲಿ ಕಂಪ್ರೆಸ್ ಸೌಲಭ್ಯ ಇದೆ, ಬೇರೆ ಸೈಟ್‌ಗಳೂ ಬೇಕಾದಷ್ಟಿವೆ. ಎಲ್ಲದರಲ್ಲೂ ಮೊದಲು ಕಡಿಮೆ ಅಥವಾ ಮಧ್ಯಮ ಮಟ್ಟ ಆರಿಸಿ. ಮಿತಿಯೊಳಗೆ ಬಂತಾ? ಅಲ್ಲಿಗೇ ನಿಲ್ಲಿಸಿ. ಇನ್ನೂ ಸಣ್ಣದು ಮಾಡಿದರೆ ಯಾರೂ ಬಹುಮಾನ ಕೊಡುವುದಿಲ್ಲ.

ಮ್ಯಾಕ್‌ನಲ್ಲಿ ಅದರದ್ದೇ ಆದ ಪ್ರಿವ್ಯೂ ಆ್ಯಪ್‌ನಲ್ಲಿ ತೆರೆದು ಎಕ್ಸ್‌ಪೋರ್ಟ್ ಕೊಟ್ಟರೆ ಕ್ವಾರ್ಟ್ಜ್ ಫಿಲ್ಟರ್ ಅಡಿಯಲ್ಲಿ ರೆಡ್ಯೂಸ್ ಫೈಲ್ ಸೈಜ್ ಸಿಗುತ್ತದೆ. ಕೈಗೆ ಹತ್ತಿರ ಇದೆ ನಿಜ, ಆದರೆ ಎಷ್ಟು ಇಳಿಸಬೇಕು ಅಂತ ಹೇಳಲು ಅಲ್ಲಿ ಜಾಗವೇ ಇಲ್ಲ. ನನಗೆ ಅದರಿಂದ ಬಂದದ್ದು ಹೆಚ್ಚಾಗಿ ಮಸುಕು ಪುಟಗಳೇ.

ಕಮಾಂಡ್ ಬರೆಯಲು ಹೆದರದವರಿಗೆ ಘೋಸ್ಟ್‌ಸ್ಕ್ರಿಪ್ಟ್ ಅನ್ನುವ ಸಾಫ್ಟ್‌ವೇರ್ ಇದೆ. ಉಚಿತ, ನಿಮ್ಮ ಕಂಪ್ಯೂಟರಿನಲ್ಲೇ ಓಡುತ್ತದೆ, ಫೈಲ್ ಹೊರಗೆ ಎಲ್ಲೂ ಹೋಗುವುದಿಲ್ಲ. ಸ್ಕ್ರೀನ್ ಅನ್ನುವ ಸೆಟ್ಟಿಂಗ್ ಚಿತ್ರಗಳನ್ನು 72 ಡಿಪಿಐಗೆ ಇಳಿಸುತ್ತದೆ, ಇಬುಕ್ 150ಕ್ಕೆ, ಪ್ರಿಂಟರ್ 300ಕ್ಕೆ. ನಾನು ಬಳಸುವುದು ಇಬುಕ್. ಸ್ಕ್ರೀನ್ ಅನ್ನು ದಾಖಲೆಗೆ ಮುಟ್ಟುವುದೇ ಇಲ್ಲ. ಕೆಲವು ಸಲ ಫಲಿತಾಂಶ ಮೂಲಕ್ಕಿಂತ ದೊಡ್ಡದಾಗಿ ಬರುತ್ತದೆ, ನಗಬೇಡಿ, ಮೊದಲೇ ಚೆನ್ನಾಗಿ ಹಿಂಡಿದ ಫೈಲ್ ಆದರೆ ಹಾಗಾಗುತ್ತದೆ. ಆಗ ಮೂಲವನ್ನೇ ಇಟ್ಟುಕೊಂಡು ಬೇರೆ ದಾರಿ ನೋಡಿ.

ಗುರುತಿನ ಚೀಟಿ, ಬ್ಯಾಂಕ್ ಪತ್ರ, ವೈದ್ಯಕೀಯ ವರದಿ ಇವನ್ನು ಗುರುತು ಪರಿಚಯ ಇಲ್ಲದ ಸೈಟಿಗೆ ಹಾಕಬೇಡಿ. ಒಂದು ಗಂಟೆಯಲ್ಲಿ ಅಳಿಸುತ್ತೇವೆ ಅಂತ ಬರೆದಿರುತ್ತಾರೆ, ಅಳಿಸಿದರೋ ಇಲ್ಲವೋ ನೋಡಲು ನಮಗೆ ದಾರಿ ಇಲ್ಲ.

ಇನ್ನು ಡಿಜಿಟಲ್ ಸಹಿ. ಸಹಿ ಹಾಕಿದ ಪಿಡಿಎಫ್ ಅನ್ನು ಹಿಂಡಿದರೆ ಸಹಿ ಅಮಾನ್ಯವಾಗುತ್ತದೆ. ಸಹಿಯ ಕೆಲಸವೇ ಅದು, ಫೈಲ್ ಒಂಚೂರು ಬದಲಾದರೂ ಕೂಗಬೇಕು. ಮೊದಲು ಹಿಂಡಿ, ಆಮೇಲೆ ಸಹಿ ಹಾಕಿ. ಬೇರೆಯವರು ಸಹಿ ಹಾಕಿ ಕೊಟ್ಟಿದ್ದರೆ ಅದನ್ನು ಮುಟ್ಟದೆ ಲಿಂಕ್ ಮೂಲಕ ಕಳಿಸುವುದೇ ದಾರಿ.

ವರ್ಡ್, ಪವರ್‌ಪಾಯಿಂಟ್, ಎಕ್ಸೆಲ್

ವರ್ಡ್‌ನಲ್ಲಿ ಬರೆದದ್ದನ್ನು ಪ್ರಿಂಟ್ ತೆಗೆದು, ಅದನ್ನು ಸ್ಕ್ಯಾನ್ ಮಾಡಿ ಕಳಿಸುವವರನ್ನು ಈಗಲೂ ನೋಡುತ್ತೇನೆ. 80 ಕೆಬಿಯಲ್ಲಿ ಮುಗಿಯುವ ಕೆಲಸಕ್ಕೆ 8 ಎಂಬಿ. ಕೈ ಸಹಿ ಬೇಕೇ ಬೇಕು ಅಂದರೆ ಸಹಿಯ ಪುಟ ಒಂದನ್ನೇ ಸ್ಕ್ಯಾನ್ ಮಾಡಿ, ಉಳಿದದ್ದನ್ನು ನೇರ ವರ್ಡ್‌ನಿಂದಲೇ ಪಿಡಿಎಫ್ ಮಾಡಿ.

ವರ್ಡ್ ಫೈಲೇ ದಪ್ಪಗಿದ್ದರೆ ಒಂದು ಮಜಾ ನೋಡಿ. ಫೈಲಿನ ಒಂದು ಪ್ರತಿ ಮಾಡಿಕೊಂಡು ಅದರ ಹೆಸರಿನ ಕೊನೆಯ ಡಾಕ್ಸ್ (.docx) ಅನ್ನುವುದನ್ನು ಜಿಪ್ (.zip) ಅಂತ ಬದಲಿಸಿ ತೆರೆಯಿರಿ. ವರ್ಡ್ ಫೈಲ್ ಅಂದರೆ ಒಳಗೆ ಒಂದು ಜಿಪ್ ಕಟ್ಟು, ಅಷ್ಟೇ. ವರ್ಡ್ ಅನ್ನುವ ಫೋಲ್ಡರ್‌ನೊಳಗೆ ಮೀಡಿಯಾ ಅಂತ ಇರುತ್ತದೆ, ಚಿತ್ರಗಳೆಲ್ಲ ಅಲ್ಲಿ ಸಾಲಾಗಿ ಕೂತಿರುತ್ತವೆ, ಯಾವುದು ಎಷ್ಟು ತೂಕ ಅಂತ ಕಣ್ಣೆದುರಿಗೇ ಕಾಣುತ್ತದೆ. ಪುಟದಲ್ಲಿ ಅಂಚೆಚೀಟಿಯಷ್ಟು ಕಾಣುವ ಲೋಗೋ 6 ಎಂಬಿ ಇದ್ದದ್ದು ನನಗೆ ಸಿಕ್ಕಿದ್ದು ಹೀಗೇ. ಮೂಲೆ ಹಿಡಿದು ಎಳೆದು ಸಣ್ಣದು ಮಾಡಿದರೆ ಕಾಣುವುದು ಸಣ್ಣದಾಗುತ್ತದೆ, ಒಳಗಿನ ಚಿತ್ರ ಒಂಚೂರೂ ಇಳಿಯುವುದಿಲ್ಲ.

ಪರಿಹಾರ: ಯಾವುದಾದರೂ ಚಿತ್ರದ ಮೇಲೆ ಕ್ಲಿಕ್ ಮಾಡಿ, ಪಿಕ್ಚರ್ ಫಾರ್ಮ್ಯಾಟ್‌ಗೆ ಹೋಗಿ ಕಂಪ್ರೆಸ್ ಪಿಕ್ಚರ್ಸ್ ಒತ್ತಿ. ಈ ಚಿತ್ರಕ್ಕೆ ಮಾತ್ರ ಅನ್ನುವ ಟಿಕ್ ತೆಗೆಯಿರಿ, ಅದನ್ನು ಮರೆತರೆ ಒಂದೇ ಚಿತ್ರ ಇಳಿಯುತ್ತದೆ. ಕತ್ತರಿಸಿದ ಭಾಗ ಅಳಿಸು ಅನ್ನುವ ಟಿಕ್ ಇರಲಿ. 150 ಪಿಪಿಐ (ಡಿಪಿಐ ಥರದ್ದೇ ಲೆಕ್ಕ) ಆರಿಸಿ, ಸೇವ್ ಮಾಡಿ. ಆ ಎರಡನೇ ಟಿಕ್ ಬರೀ ಅಳತೆಯ ವಿಷಯ ಅಲ್ಲ. ವರ್ಡ್‌ನಲ್ಲಿ ಚಿತ್ರ ಕ್ರಾಪ್ ಮಾಡಿದಾಗ ಹೊರಗೆ ಹೋದ ಭಾಗ ನಿಜವಾಗಿ ಹೋಗಿರುವುದಿಲ್ಲ. ಸ್ಕ್ರೀನ್‌ಶಾಟಿನಲ್ಲಿ ನೀವು ಮರೆಮಾಡಿದ ಖಾತೆ ಸಂಖ್ಯೆಯನ್ನು ಪಡೆದವರು ಎರಡು ಕ್ಲಿಕ್‌ನಲ್ಲಿ ವಾಪಸ್ ತರಬಹುದು.

ಪವರ್‌ಪಾಯಿಂಟ್‌ಗೂ ಇದೇ ದಾರಿ. ವಿಡಿಯೋ ಇದ್ದರೆ ಫೈಲ್ ಮೆನುವಿನ ಇನ್ಫೋದಲ್ಲಿ ಕಂಪ್ರೆಸ್ ಮೀಡಿಯಾ ಇದೆ. ಬರೀ ಓದಲು ಕಳಿಸುವುದಾದರೆ ಪಿಡಿಎಫ್ ಮಾಡಿಬಿಡಿ. ಲಿಬ್ರೆಆಫೀಸ್ ಬಳಸುವವರಿಗೆ ಪಿಡಿಎಫ್ ಎಕ್ಸ್‌ಪೋರ್ಟ್ ಮಾಡುವಾಗಲೇ ಜೆಪೆಗ್ ಗುಣಮಟ್ಟ ಮತ್ತು ಡಿಪಿಐ ಎರಡನ್ನೂ ಇಳಿಸುವ ಜಾಗ ಸಿಗುತ್ತದೆ.

ಎಕ್ಸೆಲ್‌ನಲ್ಲಿ ಚಿತ್ರ ಇಲ್ಲದಿದ್ದರೂ ಫೈಲ್ ಊದಿಕೊಂಡಿದ್ದರೆ ಕಂಟ್ರೋಲ್ ಮತ್ತು ಎಂಡ್ ಒಟ್ಟಿಗೆ ಒತ್ತಿ. ಮಾಹಿತಿ 200ನೇ ಸಾಲಿಗೆ ಮುಗಿದಿದ್ದು ಕರ್ಸರ್ ಎಲ್ಲೋ ಸಾವಿರಾರು ಸಾಲು ಕೆಳಗೆ ಹೋಗಿ ನಿಂತರೆ, ಆ ಖಾಲಿ ಸಾಲುಗಳಿಗೆ ಯಾರೋ ಬಣ್ಣವೋ ಗೆರೆಯೋ ಹಾಕಿದ್ದಾರೆ ಅಂತ ಅರ್ಥ. ಅವನ್ನು ಆರಿಸಿ ಡಿಲೀಟ್ ಮಾಡಿ ಸೇವ್ ಮಾಡಿ.

ಜಿಪ್ ಮಾಡಿದರೆ ಇಳಿಯಲ್ವಾ?

ಇಳಿಯುವುದಿಲ್ಲ. ಜೆಪೆಗ್, ಪಿಡಿಎಫ್, ವರ್ಡ್ ಎಲ್ಲವೂ ಒಳಗೆ ಆಗಲೇ ಹಿಂಡಿದ ಫೈಲ್‌ಗಳು. ಹಿಂಡಿದ ಬಟ್ಟೆಯನ್ನು ಮತ್ತೆ ಹಿಂಡಿದರೆ ನಾಲ್ಕು ಹನಿ ಬರಬಹುದು. ಹತ್ತಾರು ಫೈಲ್ ಒಟ್ಟಿಗೆ ಕಳಿಸಲು ಜಿಪ್ ಒಳ್ಳೆಯದು, ಸಣ್ಣದು ಮಾಡಲು ಅಲ್ಲ.

ಗುಣಮಟ್ಟ ಇಳಿಸುವಂತೆಯೇ ಇಲ್ಲ, ಪುಟ ಬಿಡುವಂತೆಯೂ ಇಲ್ಲ ಅಂದಾಗ ಕುಗ್ಗಿಸುವ ಗೋಜೇ ಬೇಡ. ಡ್ರೈವ್‌ಗೆ ಹಾಕಿ ಲಿಂಕ್ ಕೊಡಿ. ಗೂಗಲ್ ಖಾತೆಗೆ 15 ಜಿಬಿ ಉಚಿತ ಜಾಗ ಇರುತ್ತದೆ, ಆದರೆ ಮೇಲ್ ಮತ್ತು ಫೋಟೋಗಳೂ ಅದರಲ್ಲೇ ಪಾಲು ಪಡೆಯುತ್ತವೆ. ಲಿಂಕ್ ಇರುವ ಯಾರಾದರೂ ನೋಡಬಹುದು ಅಂತ ಇಡುವ ಬದಲು ಪಡೆಯುವವರ ಇಮೇಲ್ ಹಾಕಿ ಹಂಚಿ. ಕೆಲಸ ಮುಗಿದ ಮೇಲೆ ಹಂಚಿದ್ದನ್ನು ತೆಗೆಯಿರಿ. ಲಿಂಕ್ ಇರುವ ಎಲ್ಲರಿಗೂ ತೆರೆದಿಡಲೇಬೇಕಾದರೆ, ಕಳಿಸಿದ ಮೇಲೆ ಅನುಮತಿ ಕೊಡಿ ಅಂತ ಮೇಲ್ ಬರದಿರಲು ಆ ಲಿಂಕನ್ನು ಮೊದಲೇ ಬ್ರೌಸರಿನ ಇನ್‌ಕಾಗ್ನಿಟೊ ಕಿಟಕಿಯಲ್ಲಿ ತೆರೆದು ನೋಡಿ. ಅಲ್ಲಿ ನೀವು ಬೇರೆಯವರ ಹಾಗೆ.

ನನ್ನ 18 ಪುಟಕ್ಕೆ ಬಂದರೆ, ಎರಡನೇ ಸಲ 15 ಪುಟ ಗ್ರೇಸ್ಕೇಲ್, ಸೀಲಿನ ಮೂರು ಪುಟ ಬಣ್ಣ, ಎಲ್ಲ 200 ಡಿಪಿಐ. 4.1 ಎಂಬಿ ಬಂತು, ಒಪ್ಪಿಕೊಂಡರು. ಎರಡೂ ಫೈಲ್ ಒಂದೇ ಫೋಲ್ಡರ್‌ನಲ್ಲಿವೆ, ಸಣ್ಣದರ ಹೆಸರಿನ ಕೊನೆಗೆ ಸಣ್ಣ ಅಂತ ಸೇರಿಸಿದ್ದೇನೆ. 61 ಎಂಬಿಯದ್ದನ್ನು ಅಳಿಸಿಲ್ಲ. ಕುಗ್ಗಿಸಿದ ಫೈಲನ್ನು ಮತ್ತೆ ಹಿಗ್ಗಿಸಲು ಆಗುವುದಿಲ್ಲ, ಮೂಲ ಕಾಗದ ಈಗ ನನ್ನ ಹತ್ತಿರ ಇಲ್ಲ.